ಸತ್ತವರು ಬೇರೆ ಯಾರೋ

‘ದಿ ಇಂಗ್ಲಿಷ್ ಪೇಷೆಂಟ್’ನ ಮ್ಯಾಡಕ್ಸ್ ಎರಡು ಸಲ ಸಾಯುತ್ತಾನೆ. ಕಾದಂಬರಿಯಲ್ಲೊಮ್ಮೆ, ಸಿನಿಮಾದಲ್ಲೊಮ್ಮೆ. ಎರಡು ಕಡೆಯೂ ತಾನೇ ಗುಂಡು ಹಾರಿಸಿಕೊಳ್ಳುತ್ತಾನೆ. ಕಾದಂಬರಿಯ ಮ್ಯಾಡಕ್ಸ್ ವರ್ಷಗಟ್ಟಲೆ ಮರುಭೂಮಿ ಸುತ್ತಿ, ಯುದ್ಧ ಬಂತೆಂದು ಇಂಗ್ಲೆಂಡಿನ ಹಳ್ಳಿಗೆ ವಾಪಸಾದವನು. ಹೆಂಡತಿಯ ಜೊತೆ ಚರ್ಚಿನಲ್ಲಿ ಕೂತಿದ್ದಾಗ ಪಾದ್ರಿ ಯುದ್ಧವನ್ನು ಕೊಂಡಾಡಿ ಪ್ರವಚನ ಶುರುಮಾಡುತ್ತಾನೆ. ಮ್ಯಾಡಕ್ಸ್ ಕೇಳುವಷ್ಟು ಕೇಳಿ, ಮರುಭೂಮಿಯಿಂದ ತಂದಿದ್ದ ಪಿಸ್ತೂಲನ್ನು ತೆಗೆದು ತನ್ನ ಎದೆಗೇ ಹಿಡಿಯುತ್ತಾನೆ. ಸಿನಿಮಾದಲ್ಲಿ ಇದೇ ಸಾವು ಯಾರದೋ ಬಾಯಲ್ಲಿ ಒಂದು ಮಾತಾಗಿ ಬಂದುಹೋಗುತ್ತದೆ: ಜೀವದ ಗೆಳೆಯ ಅಲ್ಮಾಶಿ ಜರ್ಮನರ ಕಡೆಯವನಾಗಿದ್ದ ಎಂದು ಗೊತ್ತಾದ ಮೇಲೆ ಮ್ಯಾಡಕ್ಸ್ ಗುಂಡು ಹಾರಿಸಿಕೊಂಡ.

ದೇಶಗಳ ಬಗ್ಗೆ ಹೇಸಿ ಸತ್ತಿದ್ದ ಮನುಷ್ಯ ಗೆಳೆಯನ ದ್ರೋಹಕ್ಕೆ ನೊಂದು ಸತ್ತವನಾಗಿಬಿಟ್ಟ. ಪುಸ್ತಕದಲ್ಲೂ ಅದು ಚಿಕ್ಕ ಪ್ರಸಂಗವೇ. ಸಿನಿಮಾ ನೋಡುವವರ ಗಮನಕ್ಕಂತೂ ಬರುವುದೇ ಇಲ್ಲ. ಆದರೆ ‘ದಿ ಇಂಗ್ಲಿಷ್ ಪೇಷೆಂಟ್’ ಕಾಗದದಿಂದ ತೆರೆಗೆ ಬರುವಾಗ ಏನೇನಾಯಿತು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ಸಿಕ್ಕಿಲ್ಲ.

ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಮುಗಿಯುತ್ತಿರುವ ಹೊತ್ತು, ಇಟಲಿ. ಬಾಂಬು ಬಿದ್ದು ಅರ್ಧ ಕುಸಿದ ಹಳೆಯ ಮಠವೊಂದರಲ್ಲಿ ಹಾನಾ ಎಂಬ ಕೆನಡಾದ ನರ್ಸು ಒಬ್ಬನೇ ಒಬ್ಬ ರೋಗಿಯನ್ನು ಇಟ್ಟುಕೊಂಡು ಉಳಿದಿದ್ದಾಳೆ. ಮೈಯೆಲ್ಲ ಸುಟ್ಟು ಕರಕಲಾದ ಅವನಿಗೆ ಹೆಸರಿಲ್ಲ, ಗುರುತಿಲ್ಲ. ಮಾತಿನ ಧಾಟಿ ನೋಡಿ ಇಂಗ್ಲಿಷಿನವನೆಂದು ಬರೆದುಕೊಂಡಿದ್ದಾರೆ. ಮಾರ್ಫಿನ್ ಏರಿದ ಹಾಗೆ ಅವನಿಗೆ ನೆನಪು ಬಿಚ್ಚಿಕೊಳ್ಳುತ್ತದೆ. ಅವನು ಅಲ್ಮಾಶಿ, ಹಂಗೇರಿಯವನು, 1930ರ ದಶಕದಲ್ಲಿ ಲಿಬಿಯಾ–ಈಜಿಪ್ಟಿನ ಮರುಭೂಮಿಗೆ ನಕ್ಷೆ ಬರೆಯುತ್ತಿದ್ದವನು. ತಂಡಕ್ಕೆ ಬಂದು ಸೇರಿದ ಕ್ಲಿಫ್ಟನ್ ಎಂಬಾತನ ಹೆಂಡತಿ ಕ್ಯಾಥರೀನ್ ಜೊತೆ ಅವನಿಗೆ ಪ್ರೇಮ. ಗೊತ್ತಾದ ಗಂಡ ವಿಮಾನವನ್ನೇ ಅವನ ಮೇಲೆ ಇಳಿಸಲು ಹೋಗಿ ತಾನು ಸಾಯುತ್ತಾನೆ. ಗಾಯಗೊಂಡ ಕ್ಯಾಥರೀನಳನ್ನು ಗುಹೆಯೊಂದರಲ್ಲಿ ಮಲಗಿಸಿ ಅಲ್ಮಾಶಿ ಮೂರು ದಿನ ಮರಳಿನಲ್ಲಿ ನಡೆಯುತ್ತಾನೆ. ಸಹಾಯ ಕೇಳಿದರೆ ಅವನ ಪರದೇಶಿ ಹೆಸರು ಕೇಳಿದ ಬ್ರಿಟಿಷ್ ಸೈನಿಕರು ಬೇಡಿ ಹಾಕುತ್ತಾರೆ. ತಪ್ಪಿಸಿಕೊಂಡವನು ಮರುಭೂಮಿಯ ನಕ್ಷೆಗಳನ್ನು ಜರ್ಮನರಿಗೆ ಕೊಟ್ಟು, ಬದಲಿಗೆ ಪೆಟ್ರೋಲ್ ಪಡೆದು, ಗುಹೆಗೆ ಹಾರುತ್ತಾನೆ. ಅಷ್ಟರಲ್ಲಿ ಆಕೆ ಸತ್ತಿದ್ದಾಳೆ.

ಈ ಕಡೆ ಮಠಕ್ಕೆ ಇನ್ನಿಬ್ಬರು ಬಂದು ಸೇರಿಕೊಂಡಿದ್ದಾರೆ. ಒಬ್ಬ ಕ್ಯಾರವಾಜೊ, ಎರಡೂ ಹೆಬ್ಬೆರಳು ಕಳೆದುಕೊಂಡ ಕಳ್ಳ. ಇನ್ನೊಬ್ಬ ಕಿಪ್, ಪೂರ್ತಿ ಹೆಸರು ಕಿರ್ಪಾಲ್ ಸಿಂಗ್, ಬ್ರಿಟಿಷ್ ಸೈನ್ಯದಲ್ಲಿ ಸಿಡಿಯದ ಬಾಂಬುಗಳನ್ನು ಬಿಚ್ಚುವ ಸಿಖ್ ಸ್ಯಾಪರ್. ಹಾನಾಗೂ ಅವನಿಗೂ ಪ್ರೀತಿಯಾಗುತ್ತದೆ.

ಕೊಲಂಬೊದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಮೈಕೆಲ್ ಒಂಡಾಚಿ ಬರೆದ ಕಾದಂಬರಿ 1992ರದು. ಆ ವರ್ಷದ ಬುಕರ್ ಪ್ರಶಸ್ತಿಯನ್ನು ಇನ್ನೊಂದು ಕೃತಿಯ ಜೊತೆ ಹಂಚಿಕೊಂಡಿತು. ಆ್ಯಂಥನಿ ಮಿಂಗೆಲ್ಲಾ ಚಿತ್ರಕಥೆ ಬರೆದು ನಿರ್ದೇಶಿಸಿದ ಸಿನಿಮಾ 1996ರದು. 12 ಆಸ್ಕರ್ ನಾಮನಿರ್ದೇಶನ, 9 ಪ್ರಶಸ್ತಿ. ತಮಾಷೆ ಏನೆಂದರೆ, ಸಿಕ್ಕದ ಮೂರರಲ್ಲಿ ಒಂದು ಚಿತ್ರಕಥೆಗೆ ಸಲ್ಲಬೇಕಾಗಿದ್ದದ್ದು. ಇಂಥ ಕಾದಂಬರಿಯಿಂದ ಒಂದು ಸಿನಿಮಾ ಹೊರಡಿಸಿದ್ದೇ ಇಡೀ ಯೋಜನೆಯ ಅತಿ ಕಷ್ಟದ ಕೆಲಸವಾಗಿತ್ತು ಅನ್ನುವುದು ಪುಸ್ತಕ ಓದಿದ ಯಾರಿಗಾದರೂ ಗೊತ್ತು. ಅದರಲ್ಲಿ ನೆಟ್ಟಗೆ ಸಾಗುವ ಕಥೆಯೇ ಇಲ್ಲ. ಗಾಳಿಗಳ ಹೆಸರು, ಬಾಂಬಿನ ಒಳಗಿನ ತಂತಿಗಳು, ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಪುಟಗಳು, ಯಾರದೋ ಕುತ್ತಿಗೆಯ ಗುಳಿ. ಒಂದರಿಂದ ಇನ್ನೊಂದಕ್ಕೆ ಯಾವ ಪೀಠಿಕೆಯೂ ಇಲ್ಲದೆ ಜಾರುತ್ತಿರುತ್ತದೆ.

ಈ ಜಾರುವಿಕೆಯನ್ನು ಸಿನಿಮಾ ಉಳಿಸಿಕೊಂಡ ಬಗೆ ನನಗೆ ಇವತ್ತಿಗೂ ಸೋಜಿಗ. ಸಂಕಲನಕಾರ ವಾಲ್ಟರ್ ಮರ್ಚ್ ಇದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿದರು. ಹಾಗೆ ಸಂಕಲನಗೊಂಡು ಆ ವಿಭಾಗದ ಆಸ್ಕರ್ ಪಡೆದ ಮೊದಲ ಚಿತ್ರ ಇದು. ಧ್ವನಿಯ ಪ್ರಶಸ್ತಿಯಲ್ಲೂ ಅವರಿಗೆ ಪಾಲಿತ್ತು. ಅದು ನ್ಯಾಯವೇ, ಏಕೆಂದರೆ ಇಲ್ಲಿ ಕಾಲ ದಾಟುವುದು ಎಷ್ಟೋ ಸಲ ಕಿವಿಯಿಂದ. ರಾತ್ರಿ ಹಾನಾ ಅಂಗಳದಲ್ಲಿ ಗೆರೆ ಎಳೆದುಕೊಂಡು ಒಬ್ಬಳೇ ಕುಂಟೆಬಿಲ್ಲೆ ಆಡುತ್ತಾಳೆ. ಆ ಹೆಜ್ಜೆಯ ದಪದಪ ಸದ್ದು ಮೇಲೆ ಮಲಗಿದ್ದ ರೋಗಿಗೆ ಕೇಳಿಸುತ್ತದೆ. ಕೇಳುತ್ತ ಕೇಳುತ್ತ ಅದು ಮರುಭೂಮಿಯ ಡೋಲಿನ ಬಡಿತವಾಗಿ, ನಾವು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತೇವೆ. ಹಾಸಿಗೆಯ ಬಿಳಿ ಬಟ್ಟೆಯ ಸುಕ್ಕುಗಳು ಮರಳಿನ ದಿಬ್ಬಗಳಾಗುವುದಂತೂ ಹೇಳಲೇಬೇಕಾದದ್ದು. ‘ಫ್ಲ್ಯಾಶ್‌ಬ್ಯಾಕ್’ ಎಂದರೆ ಸುರುಳಿ ಸುತ್ತಿ ಮಸುಕಾಗುವ ಪರದೆ ಎಂದುಕೊಂಡು ಬೆಳೆದ ನಮ್ಮಂಥವರಿಗೆ, ನೆನಪು ನಿಜಕ್ಕೂ ಬರುವುದು ಹೀಗೆ ಅನ್ನಿಸುವಂತೆ ಮಾಡಿದ ಚಿತ್ರ.

ಮರಳುಗಾಳಿಯ ರಾತ್ರಿ ಕಾರಿನೊಳಗೆ ಸಿಕ್ಕಿಬಿದ್ದ ಅಲ್ಮಾಶಿ ಮತ್ತು ಕ್ಯಾಥರೀನ್, ಅವನು ಅವಳಿಗೆ ಒಂದೊಂದೇ ಗಾಳಿಯ ಹೆಸರು ಹೇಳುವುದು. ಅರೆಟ್ಸೊದ ಚರ್ಚಿನಲ್ಲಿ ಕಿಪ್ ಹಗ್ಗಕ್ಕೆ ಹಾನಾಳನ್ನು ಕಟ್ಟಿ, ಕೈಗೆ ಉರಿಯುವ ದೀವಟಿಗೆ ಕೊಟ್ಟು ಮೇಲಕ್ಕೆಳೆದು, ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಭಿತ್ತಿಚಿತ್ರಗಳ ಮುಂದೆ ತೂಗಿಸುವುದು. ಪುಸ್ತಕದಲ್ಲಿ ಅವನು ಹಾಗೆ ಮೇಲಕ್ಕೇರಿಸುವುದು ಮಧ್ಯಯುಗದ ಇತಿಹಾಸ ಓದಿದ ಮುದುಕನೊಬ್ಬನನ್ನು. ಅದನ್ನು ಪ್ರೇಮದೃಶ್ಯವಾಗಿ ಬದಲಾಯಿಸಿದ್ದು ಮಿಂಗೆಲ್ಲಾ. ಈ ಒಂದು ಬದಲಾವಣೆಗೆ ನನ್ನ ತಕರಾರು ಸ್ವಲ್ಪವೂ ಇಲ್ಲ. ಒಬ್ಬರನ್ನೊಬ್ಬರು ಮುಟ್ಟದೆ ಇಷ್ಟು ಖುಷಿಯಾಗಿರುವ ಪ್ರೇಮಿಗಳನ್ನು ಯುದ್ಧದ ಸಿನಿಮಾಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಆದರೆ ಬದಲಾವಣೆಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಮ್ಯಾಡಕ್ಸನಿಗೆ ಆದದ್ದೇ ಎಲ್ಲ ಕಡೆ ಆಗಿರುವುದು ಕಾಣುತ್ತದೆ. ಕ್ಯಾರವಾಜೊನ ಹೆಬ್ಬೆರಳು ತೆಗೆದುಕೊಳ್ಳಿ. ಕಾದಂಬರಿಯಲ್ಲಿ ಅವು ಹೋಗುವುದು ಇಟಲಿಯಲ್ಲಿ. ಅದಕ್ಕೂ ಅಲ್ಮಾಶಿಗೂ ಏನೇನೂ ಸಂಬಂಧವಿಲ್ಲ. ಸಿನಿಮಾದಲ್ಲಿ ಅವು ಹೋಗುವುದು 1942ರ ಜೂನ್‌ನಲ್ಲಿ, ಜರ್ಮನರ ವಶವಾದ ಲಿಬಿಯಾದ ಟೋಬ್ರುಕ್‌ನಲ್ಲಿ. ನಕ್ಷೆ ಕೊಟ್ಟವನು ಅಲ್ಮಾಶಿ ಎಂದು ಕ್ಯಾರವಾಜೊ ಲೆಕ್ಕಹಾಕಿದ್ದಾನೆ. ಕೊಲ್ಲಲೆಂದೇ ಹುಡುಕಿಕೊಂಡು ಬಂದಿದ್ದಾನೆ. ಯುದ್ಧ ಇಬ್ಬರ ನಡುವಿನ ಬಾಕಿಯಾಯಿತು. ರೋಗಿಯ ಪ್ರೇಮಕಥೆ ಪೂರ್ತಿ ಕೇಳಿದ ಮೇಲೆ ಆ ಬಾಕಿ ಮನ್ನಾ ಕೂಡ ಆಗುತ್ತದೆ. ಕೊಲ್ಲಲಾರೆ ಅನ್ನುತ್ತಾನೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕಾದಂಬರಿಯ ಕೊನೆಯ ಅಧ್ಯಾಯದ ಹೆಸರು ‘ಆಗಸ್ಟ್’. ಕಿಪ್ ಕಿವಿಗೆ ರೇಡಿಯೊ ಸಿಕ್ಕಿಸಿಕೊಂಡು ಕೂತಿರುತ್ತಾನೆ. 1945ರ ಆಗಸ್ಟ್ 6ರಂದು ಹಿರೋಶಿಮಾ, ಮೂರೇ ದಿನದಲ್ಲಿ ನಾಗಸಾಕಿ. ಸುದ್ದಿ ಕೇಳಿದ ಕಿಪ್ ಚೀರಿ, ಬಂದೂಕು ಹಿಡಿದು ರೋಗಿಯ ಕೋಣೆಗೆ ನುಗ್ಗಿ, ಹಾಸಿಗೆಯ ಎದುರು ನಿಂತು ಗುರಿ ಇಡುತ್ತಾನೆ. ಅವನು ಆ ತನಕ ಯೂರೋಪಿನ ಬಾಂಬುಗಳನ್ನು ಬರಿಗೈಯಲ್ಲಿ ಬಿಚ್ಚಿದವನು. ಸೈನ್ಯ ಸೇರಬೇಕಿದ್ದ ಅಣ್ಣ ಬ್ರಿಟಿಷರಿಗಾಗಿ ಬಂದೂಕು ಹಿಡಿಯಲ್ಲ ಎಂದು ಜೈಲು ಸೇರಿದ್ದಾಗ, ಅವನ ಬದಲು ಹೊರಟು ಬಂದವನು. ಇಂಗ್ಲೆಂಡನ್ನು ಮನಸಾರೆ ಮೆಚ್ಚಿದವನು. ರೋಗಿ ಇಂಗ್ಲಿಷಿನವನೇ ಅಲ್ಲ ಎಂದು ಕ್ಯಾರವಾಜೊ ಕೂಗಿ ಹೇಳಿದರೆ, ಯಾವನಾದರೇನು, ಕಂದು ಬಣ್ಣದವರ ಮೇಲೆ ಬಾಂಬು ಹಾಕಲು ಹೊರಟ ಕ್ಷಣ ನೀವೆಲ್ಲ ಇಂಗ್ಲಿಷಿನವರೇ ಎಂಬರ್ಥದ ಉತ್ತರ ಕೊಡುತ್ತಾನೆ. ಬಿಳಿಯರ ದೇಶವಾಗಿದ್ದರೆ ಇಂಥ ಬಾಂಬನ್ನು ಹಾಕುತ್ತಿರಲಿಲ್ಲ ಎಂದು ಕ್ಯಾರವಾಜೊಗೂ ಒಳಗೆ ಗೊತ್ತಿದೆ. ಕಿಪ್ ಗುಂಡು ಹಾರಿಸುವುದಿಲ್ಲ. ಸಮವಸ್ತ್ರದ ಗುರುತುಗಳನ್ನೆಲ್ಲ ಕಿತ್ತು, ಹಾನಾಳನ್ನೂ ಬಿಟ್ಟು, ಮೋಟರ್‌ಸೈಕಲ್ ಏರಿ ದಕ್ಷಿಣಕ್ಕೆ ಹೊರಟುಬಿಡುತ್ತಾನೆ. ಇಡೀ ಪುಸ್ತಕದ ಶೀರ್ಷಿಕೆಗೆ ಅರ್ಥ ಬರುವುದು ಈ ಪುಟಗಳಲ್ಲಿ.

ಸಿನಿಮಾದಲ್ಲಿ ಹಿರೋಶಿಮಾ ಇಲ್ಲ. ಅದರ ಜಾಗದಲ್ಲಿ ಕಿಪ್‌ನ ಸಾರ್ಜೆಂಟ್ ಹಾರ್ಡಿ ಇದ್ದಾನೆ. ಯೂರೋಪಿನಲ್ಲಿ ಯುದ್ಧ ಮುಗಿದ ಸಂಭ್ರಮದಲ್ಲಿ ಹಾರ್ಡಿ ಊರಿನ ಪ್ರತಿಮೆಯೊಂದನ್ನು ಏರಿ ಬಾವುಟ ಕಟ್ಟಲು ಹೋಗುತ್ತಾನೆ. ಅಲ್ಲಿ ಬಚ್ಚಿಟ್ಟಿದ್ದ ಬಾಂಬು ಸಿಡಿದು ಸಾಯುತ್ತಾನೆ. ಕಿಪ್ ಬಾಗಿಲು ಹಾಕಿಕೊಂಡು ಅಳುತ್ತಾನೆ. ಸ್ವಲ್ಪ ದಿನಕ್ಕೆ ಬೇರೆ ಕಡೆಗೆ ವರ್ಗವಾಗಿ, ಹಾನಾಗೆ ಹೇಳಿ ಹೊರಡುತ್ತಾನೆ. ಸಿಟ್ಟಿಲ್ಲ. ದುಃಖವಿದೆ, ಸಭ್ಯತೆ ಇದೆ.

ಹೀಗೇಕೆ ಮಾಡಿದರು ಎಂಬುದನ್ನು ಮರ್ಚ್ ಮುಚ್ಚಿಟ್ಟಿಲ್ಲ. ಒಂಡಾಚಿಯೇ ಮುಂದೆ ಅವರೊಂದಿಗೆ ಕೂತು ನಡೆಸಿದ ಸುದೀರ್ಘ ಮಾತುಕತೆ 2002ರಲ್ಲಿ ಪುಸ್ತಕವಾಗಿ ಬಂತು, ಅದರಲ್ಲಿ ವಿವರಿಸುತ್ತಾರೆ. ಸಿನಿಮಾ ಉದ್ದಕ್ಕೂ ಐದು ಜನರ ಒಳಬದುಕನ್ನು ತೀರಾ ಹತ್ತಿರದಿಂದ ತೋರಿಸಿ, ಕೊನೆಯಲ್ಲಿ ಪ್ರೇಕ್ಷಕರು ಎಂದೂ ಕಾಣದ ಲಕ್ಷಾಂತರ ಜನರ ಸಾವನ್ನು ಕಲ್ಪಿಸಿಕೊಳ್ಳಿ ಅಂದರೆ ಅದು ಅಮೂರ್ತವಾಗಿಬಿಡುತ್ತದೆ. ಅದಕ್ಕೇ ಆ ಬಾಂಬಿನ ಬದಲು, ನಮಗೆ ಪರಿಚಯವಾದ ಒಬ್ಬನನ್ನು ಕೊಲ್ಲುವ ಬಾಂಬು.

ಕಸುಬಿನ ಮಾತಾಗಿ ಇದು ಸರಿಯೇ ಇರಬೇಕು. ಮೂರು ಗಂಟೆಗೆ ಹದಿನೆಂಟು ನಿಮಿಷ ಕಡಿಮೆ ಇರುವ ಸಿನಿಮಾ; ಜನ ಕ್ಯಾಥರೀನಳ ಸಾವಿಗೆ ಕಣ್ಣೊರೆಸಿಕೊಳ್ಳುತ್ತಿರುವಾಗ ಜಪಾನಿನ ಸುದ್ದಿ ತಂದರೆ ಎರಡೂ ಕೆಡಬಹುದು. ಒಪ್ಪುತ್ತೇನೆ. ಆದರೆ ಇದೇ ಸಿನಿಮಾದೊಳಗೆ ಇದೇ ವಾದಕ್ಕೆ ಕೊಟ್ಟ ಉತ್ತರವೊಂದು ಕೂತಿದೆ, ಅದನ್ನು ಬರೆದವರೂ ಮಿಂಗೆಲ್ಲಾ ಅವರೇ. ಜರ್ಮನರಿಗೆ ನಕ್ಷೆ ಕೊಟ್ಟೆಯಲ್ಲ, ಸಾವಿರಾರು ಜನ ಸಾಯಬಹುದಿತ್ತು ಎಂದು ಅಲ್ಮಾಶಿಗೆ ಅನ್ನುತ್ತಾರೆ. ಅವನ ಉತ್ತರ: ಸಾವಿರಾರು ಜನ ಸತ್ತೇ ಸತ್ತರು, ಬೇರೆ ಜನ ಅಷ್ಟೆ.

ಅಲ್ಮಾಶಿಯ ಪಾತ್ರದಲ್ಲಿರುವ ರೇಫ್ ಫೈನ್ಸ್ ಇದನ್ನು ಹೇಳುವುದು ಸುಟ್ಟ ಮುಖದ ಮುಖವಾಡದ ಒಳಗಿಂದ, ಕಣ್ಣು ಮಾತ್ರ ಅಲ್ಲಾಡಿಸಿ. ಪ್ರೇಮಿಯೊಬ್ಬನ ಲೆಕ್ಕಾಚಾರ ಅದು. ಅವನಿಗೆ ಗುಹೆಯಲ್ಲಿದ್ದ ಒಬ್ಬಳು ಗೊತ್ತು, ಉಳಿದವರೆಲ್ಲ ‘ಬೇರೆ ಜನ’. ಸಿನಿಮಾ ಈ ಮಾತನ್ನು ಅವನ ಬಾಯಲ್ಲಿ ಇಟ್ಟು, ನಮ್ಮನ್ನು ಒಂದು ಕ್ಷಣ ಬೆಚ್ಚಿಬೀಳಿಸಿ, ಆಮೇಲೆ ತಾನೂ ಅದೇ ಲೆಕ್ಕ ಹಿಡಿದು ಮುಗಿಸುತ್ತದೆ. 1945 ಮುಗಿಯುವಷ್ಟರಲ್ಲಿ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಎಂದು ಅಂದಾಜು. ಪ್ರೇಕ್ಷಕರಿಗೆ ಅವರಲ್ಲಿ ಯಾರೂ ಪರಿಚಯವಿಲ್ಲ. ಹಾರ್ಡಿ ಪರಿಚಯ.

ಕ್ಯಾಥರೀನ್ ಗುಹೆಯ ಕತ್ತಲಲ್ಲಿ ಬರೆಯುವ ಕೊನೆಯ ಪತ್ರದಲ್ಲಿ, ನಾವೇ ನಿಜವಾದ ದೇಶಗಳು, ಬಲಶಾಲಿಗಳ ಹೆಸರು ಹೊತ್ತು ನಕ್ಷೆಯ ಮೇಲೆ ಎಳೆದ ಗೆರೆಗಳಲ್ಲ ಎಂಬ ಮಾತು ಬರುತ್ತದೆ. ಬಹಳ ಜನರಿಗೆ ಅಚ್ಚುಮೆಚ್ಚಿನ ಸಾಲು; ಗ್ಯಾಬ್ರಿಯಲ್ ಯಾರೆದ್ ಸಂಗೀತ ಹಿಂದೆ ಇರುವಾಗ ನನಗೂ ಗಂಟಲು ಕಟ್ಟಿದೆ. ಟಿವಿ ಆರಿಸಿದ ಮೇಲೆ ಮಾತ್ರ ಕಿರಿಕಿರಿ ಶುರುವಾಗುತ್ತದೆ. ನಕ್ಷೆಯೇ ಇಲ್ಲದ ಭೂಮಿ ಬೇಕೆನ್ನುವುದು ನಕ್ಷೆ ಬರೆಯುವವರ ಗುಂಪು. ಸ್ವಂತ ವಿಮಾನ, ಕೈರೊದ ದೊಡ್ಡ ಹೋಟೆಲು, ಕ್ರಿಸ್‌ಮಸ್ ಪಾರ್ಟಿ. ಇನ್ನೊಬ್ಬರು ಎಳೆದ ಗೆರೆಯೊಳಗೆ ಹುಟ್ಟಿ, ಅವರ ಯುದ್ಧಕ್ಕೆ ಅವರ ಸಮವಸ್ತ್ರದಲ್ಲಿ ಬಂದವನು ಅಲ್ಲಿ ಕಿಪ್ ಒಬ್ಬನೇ, ಈ ಮಾತಿಗೆ ಎದುರು ಮಾತಾಡುವ ಹಕ್ಕಿದ್ದವನೂ ಅವನೇ.

ನಿಜವಾದ ಲಾಸ್ಲೊ ಅಲ್ಮಾಶಿಯ ವಿಷಯವೂ ಇದೇ ದಾರಿಯಲ್ಲಿ ಬರುತ್ತದೆ. ಅವನು 1895ರಲ್ಲಿ ಹುಟ್ಟಿದವನು. 1933ರಲ್ಲಿ ಗಿಲ್ಫ್ ಕೆಬೀರ್ ಪ್ರಸ್ಥಭೂಮಿಯಲ್ಲಿ ಈಜುವವರ ಚಿತ್ರಗಳಿದ್ದ ಗುಹೆಯನ್ನು ಕಂಡವನು. ಪ್ರೀತಿಗಾಗಿ ಅವನು ನಕ್ಷೆ ಮಾರಲಿಲ್ಲ. ಜರ್ಮನ್ ಬೇಹುಗಾರಿಕಾ ಸಂಸ್ಥೆಗಾಗಿಯೇ ಕೆಲಸ ಮಾಡಿದ. 1942ರಲ್ಲಿ ಇಬ್ಬರು ಗೂಢಚಾರರನ್ನು ಲಿಬಿಯಾದ ಮರುಭೂಮಿ ದಾಟಿಸಿ ಈಜಿಪ್ಟಿನ ಅಸ್ಯೂಟ್ ಹತ್ತಿರ ಬಿಟ್ಟುಬಂದ. ಮೈ ಸುಡಲಿಲ್ಲ, 1951ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಆಮಶಂಕೆಯಿಂದ ಸತ್ತ. ಸಿನಿಮಾ ತೆರೆಕಂಡಾಗ, ನಾಜಿಗಳಿಗೆ ದುಡಿದವನನ್ನು ಪ್ರೇಮವೀರ ಮಾಡಿದ್ದಾರೆಂದು ಅಮೆರಿಕದ ಪತ್ರಿಕೆಗಳಲ್ಲಿ ಆಕ್ಷೇಪ ಬಂದಿತ್ತು. ಕಾದಂಬರಿಕಾರನಿಗೆ ಹೆಸರು ಎರವಲು ಪಡೆಯುವ ಸ್ವಾತಂತ್ರ್ಯ ಇದೆ ಅನ್ನುವವಳು ನಾನು. ಆದರೂ ರಾಜಕೀಯವನ್ನು ಪ್ರೀತಿಯಿಂದ ತೊಳೆಯುವ ಕೆಲಸ ಪುಸ್ತಕದಲ್ಲಿ ಶುರುವಾಗಿ ತೆರೆಯ ಮೇಲೆ ಪೂರ್ತಿಯಾಯಿತು ಎಂಬುದನ್ನು ಅಲ್ಲಗಳೆಯಲಾರೆ.

ಕಿಪ್‌ನ ಬಗ್ಗೆ ನನಗೆ ಇಷ್ಟು ಹಟ ಯಾಕೆ ಎಂದರೆ, ಅವನಂಥವರು ಇದ್ದರು. ಇಟಲಿಯಲ್ಲಿ ಹೋರಾಡಿದ ಭಾರತೀಯರು ಸುಮಾರು 50,000. ಅಲ್ಲೇ ಸತ್ತವರು 5,700ಕ್ಕೂ ಹೆಚ್ಚು. ಫೋರ್ಲಿಯಲ್ಲಿ ಭಾರತೀಯ ಸೈನ್ಯದ ಹೆಸರಿನದೇ ಯುದ್ಧಸ್ಮಶಾನ ಇದೆ. ದಹನವಾದವರಿಗೆ ಪ್ರತ್ಯೇಕ ಸ್ಮಾರಕವಿದೆ. ಬ್ರಿಟಿಷರ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡ್ಗೆ, ನಾಮದೇವ ಜಾಧವ ಇಬ್ಬರೂ ಇಟಲಿಯಲ್ಲಿ ಕಾದಿದ ಮರಾಠಾ ಲೈಟ್ ಇನ್‌ಫೆಂಟ್ರಿಯವರು, ಅಂದರೆ ಇವತ್ತು ಬೆಳಗಾವಿಯಲ್ಲಿ ಕೇಂದ್ರ ಇರುವ ರೆಜಿಮೆಂಟು. ಇನ್ನು ಸ್ಯಾಪರ್ ವಿಷಯಕ್ಕೆ ಬಂದರೆ ನಮಗೆ ಇನ್ನೂ ಹತ್ತಿರ. ಹಲಸೂರು ಕೆರೆಯ ದಂಡೆಯ ಮದ್ರಾಸ್ ಸ್ಯಾಪರ್ಸ್ ಕೇಂದ್ರದ ಕಾಂಪೌಂಡ್ ಪಕ್ಕ ಬೆಂಗಳೂರಿನವರು ದಿನಾ ಓಡಾಡುತ್ತೇವೆ. ಅಲ್ಲಿನ ಜವಾನರನ್ನು ಸೈನ್ಯದಲ್ಲಿ ‘ತಂಬಿ’ಗಳು ಅನ್ನುತ್ತಾರೆ. ಆ ಪಡೆಯ ಸುಬೇದಾರ್ ಸುಬ್ರಮಣ್ಯನ್ 1944ರ ಫೆಬ್ರುವರಿ 24ರಂದು ಇಟಲಿಯಲ್ಲಿ ನೆಲಬಾಂಬು ತೆಗೆಯುವ ತಂಡದಲ್ಲಿದ್ದರು. ಮುಂದಿದ್ದವನೊಬ್ಬ ಬಾಂಬು ತುಳಿದ. ಸಿಡಿಯುವ ಮೊದಲಿನ ಕೆಲವೇ ಕ್ಷಣಗಳಲ್ಲಿ ಸುಬ್ರಮಣ್ಯನ್ ಅದರ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ಸಿನಿಮಾದಲ್ಲಿ ಭಾರತೀಯ ಸ್ಯಾಪರ್ ಬದುಕಿ, ಇಂಗ್ಲಿಷ್ ಸಾರ್ಜೆಂಟ್ ಸಾಯುತ್ತಾನೆ, ಭಾರತೀಯ ಅಳುತ್ತಾನೆ. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಯಾರ ಸಾವಿಗೆ ಯಾರು ಅಳುವುದನ್ನು ತೋರಿಸಿದರೆ ಪ್ರೇಕ್ಷಕರ ಎದೆಗೆ ಇಳಿಯುತ್ತದೆ ಎಂಬ ಲೆಕ್ಕವೂ ಒಂದು ನಕ್ಷೆಯೇ ಅನ್ನುತ್ತಿದ್ದೇನೆ.

ಕಿಪ್ ಆಗಿ ನಟಿಸಿದ ನವೀನ್ ಆಂಡ್ರ್ಯೂಸ್‌ಗೆ ಸಿಕ್ಕ ಅಷ್ಟಿಷ್ಟು ಜಾಗದಲ್ಲಿ ಅವರು ಮಾಡಿದ್ದು ಕಡಿಮೆಯೇನಲ್ಲ. ಸೇತುವೆಯ ಕೆಳಗೆ ಕೆಸರುನೀರಿನಲ್ಲಿ ಕೂತು ಬಾಂಬು ಬಿಚ್ಚುತ್ತಿರುವಾಗ, ಮೇಲೆ ಯುದ್ಧ ಮುಗಿದ ಖುಷಿಯಲ್ಲಿ ಟ್ಯಾಂಕುಗಳು ಬಂದು ನೆಲ ಅದುರುವ ದೃಶ್ಯವನ್ನು ಎಷ್ಟು ಸಲ ನೋಡಿದರೂ ಉಸಿರು ಕಟ್ಟುತ್ತದೆ. ಸಿನಿಮಾ ಅವನ ಬಾಯಿಯನ್ನು ಪೂರ್ತಿ ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ರೋಗಿಗೆ ಕಿಪ್ಲಿಂಗ್‌ನ ‘ಕಿಮ್’ ಓದಿ ಹೇಳುವ ದೃಶ್ಯವಿದೆ. ಲಾಹೋರಿನ ವಸ್ತುಸಂಗ್ರಹಾಲಯದ ಎದುರಿನ ಜಮ್‌ಜಮಾ ಫಿರಂಗಿಯ ಮೇಲೆ ಹುಡುಗ ಕೂತಿರುವುದರಿಂದ ಆ ಕಾದಂಬರಿ ಶುರುವಾಗುತ್ತದೆ. ನಿಧಾನ ಓದು, ಬರೆದವನ ಲಯ ಹಿಡಿ ಎಂದು ರೋಗಿ ತಿದ್ದುತ್ತಾನೆ. ಪದಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ ಅನ್ನುತ್ತಾನೆ ಕಿಪ್. ಊರಿನ ಮನೆಮನೆಯಿಂದ ಕಂದಾಯವಾಗಿ ಕಿತ್ತ ಲೋಟ, ಬಟ್ಟಲು ಕರಗಿಸಿ ಆ ಫಿರಂಗಿ ಎರೆದರು, ಆಮೇಲೆ ಅದನ್ನು ನಮ್ಮ ಜನರ ಮೇಲೇ ಹಾರಿಸಿದರು ಎಂದು ನೆನಪಿಸುತ್ತಾನೆ. ಇದೇ ಇಬ್ಬರು ಇನ್ನೊಂದು ಗಳಿಗೆಯಲ್ಲಿ ಒಂದೇ ಡಬ್ಬಿಯ ಸಿಹಿ ಕಂಡೆನ್ಸ್ಡ್ ಮಿಲ್ಕನ್ನು ಮಕ್ಕಳಂತೆ ಹಂಚಿಕೊಂಡು ಚಪ್ಪರಿಸುತ್ತಾರೆ. ಇಷ್ಟು ಮಾತು, ಇಷ್ಟು ಸಲಿಗೆ ಕೊಟ್ಟ ಮೇಲೆ ಅವನ ಕೈಗೆ ಆ ಬಂದೂಕನ್ನೂ ಕೊಟ್ಟಿದ್ದರೆ ತಡೆದುಕೊಳ್ಳುವ ಶಕ್ತಿ ಈ ಸಿನಿಮಾಕ್ಕೆ ಇತ್ತು ಅಂತಲೇ ನನ್ನ ಭಾವನೆ. ಡಬ್ಬಿ ಹಂಚಿಕೊಂಡವನೇ ಬಂದೂಕು ಎತ್ತಿದ್ದರೆ ಅದು ಅಮೂರ್ತ ಹೇಗಾಗುತ್ತಿತ್ತು?

ಒಂಡಾಚಿ ಇದಕ್ಕೆ ತಕರಾರು ಮಾಡಿದವರಲ್ಲ. 2018ರಲ್ಲಿ ಬುಕರ್‌ನ 50 ವರ್ಷಗಳ ಕೃತಿಗಳಲ್ಲಿ ಈ ಕಾದಂಬರಿಗೆ ಓದುಗರ ಮತದಿಂದ ಗೋಲ್ಡನ್ ಬುಕರ್ ಬಂದಾಗ, ಆ ಹೊತ್ತಿಗೆ ತೀರಿಕೊಂಡಿದ್ದ ಮಿಂಗೆಲ್ಲಾ ಅವರನ್ನು ನೆನೆದು, ಈ ಮತಗಳ ಹಿಂದೆ ಅವರ ಕೈವಾಡ ಇರಬೇಕು ಎಂದು ವೇದಿಕೆಯಲ್ಲೇ ಹೇಳಿದರು. ದೊಡ್ಡ ಮನಸ್ಸು, ನಿಜವೂ ಹೌದು.

ಯಾವುದು ಮೊದಲು ಎಂದು ಕೇಳುವವರಿಗೆ ನನ್ನ ಸಲಹೆ ಸಿನಿಮಾ. ಪುಸ್ತಕ ಮೊದಲು ಓದಿದರೆ, ಕಿಪ್ ಕಿವಿಗೆ ರೇಡಿಯೊ ಯಾವಾಗ ಸಿಕ್ಕಿಸಿಕೊಳ್ಳುತ್ತಾನೋ ಎಂದು ಕಾಯುತ್ತ ಕೂತು, ಮರಳುಗಾಳಿಯನ್ನೂ ಅರೆಟ್ಸೊದ ಹಗ್ಗವನ್ನೂ ಅರೆಮನಸ್ಸಿನಲ್ಲಿ ನೋಡುತ್ತೀರಿ. ಸಿನಿಮಾ ಮುಗಿಸಿ ಪುಸ್ತಕ ಹಿಡಿದರೆ ‘ಆಗಸ್ಟ್’ ಅಧ್ಯಾಯ ಯಾವ ಸುಳಿವೂ ಕೊಡದೆ ಬಂದು ಬಡಿಯುತ್ತದೆ, ಕಿಪ್‌ಗೆ ಆ ಸುದ್ದಿ ಬಂದ ಹಾಗೆಯೇ.